ಹಳೇ ಬೈಕಿನ ಇಂಜಿನ್ ಸೌಂಡ್: ಇನ್ನೂ ಓಡಿಸಬಹುದಾ, ನಿಲ್ಲಿಸಬೇಕಾ?

ನಮ್ಮ ಮನೆಯಲ್ಲಿ 2007ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್ ಇದೆ. ತಿಪಟೂರಿನ ಕೊಬ್ಬರಿ ಮಂಡಿಗೆ, ತೋಟಕ್ಕೆ, ಮದುವೆ ಮನೆಗೆ ಅಂತ ಅಪ್ಪ ಅದನ್ನು ಓಡಿಸಿ ಓಡಿಸಿ, ನನ್ನ ಕೈಗೆ ಬರುವ ಹೊತ್ತಿಗೆ ಮೀಟರ್ 80 ಸಾವಿರ ದಾಟಿತ್ತು. ಒಂದು ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಇಂಜಿನ್ನಿನ ಎಡಗಡೆಯಿಂದ ಜರ ಜರ ಅಂತ ಸೌಂಡು. ಹಿಂದಿನ ದಿನವೂ ಇತ್ತೇನೋ, ನಾನು ಗಮನ ಕೊಟ್ಟಿರಲಿಲ್ಲ.

ಪಕ್ಕದ ಮನೆಯವರು ಕೇಳಿ "ಇಂಜಿನ್ ಹೋಯ್ತು, ಮಾರಿಬಿಡು" ಅಂದರು. ಅಪ್ಪ "ಹಳೇ ಗಾಡಿ ಅಂದ್ಮೇಲೆ ಸೌಂಡ್ ಮಾಡದೆ ಇರುತ್ತಾ, ಸುಮ್ನೆ ಓಡಿಸು" ಅಂದರು. ನಾನು ತೋರಿಸಿದ ಮೊದಲ ಗ್ಯಾರೇಜಿನಲ್ಲಿ ಎರಡು ಸಲ ರೇಸ್ ಮಾಡಿ ನೋಡಿ, ಇಂಜಿನ್ ಇಳಿಸಬೇಕು, 9 ಸಾವಿರ ಆಗುತ್ತದೆ ಅಂದರು. ಡಿಪ್‌ಸ್ಟಿಕ್ ತೆಗೆದು ಆಯಿಲ್ ಎಷ್ಟಿದೆ ಅಂತಲೂ ನೋಡಲಿಲ್ಲ. ಕೊನೆಗೆ ಅದು ಟೈಮಿಂಗ್ ಚೈನ್ (ಇಂಜಿನ್ ಒಳಗೆ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಚೈನ್) ಮತ್ತು ಅದರ ರೋಲರ್ ಸವೆದಿದ್ದು. ಬೇರೆ ಕಡೆ ಕೆಲಸ ಮಾಡಿಸಿದೆ, ಕೂಲಿ ಸೇರಿ ಎರಡು ಸಾವಿರದ ಒಳಗೇ ಮುಗಿಯಿತು.

ಅದಾದ ಮೇಲೆ ನಾನು ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಸೌಂಡ್ ಎಷ್ಟು ಜೋರಾಗಿದೆ ಅನ್ನುವುದನ್ನು ನೋಡಿ ತೀರ್ಮಾನ ಮಾಡಬೇಡಿ. ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದನ್ನು ನೋಡಿ. ಊರೆಲ್ಲಾ ಕೇಳುವಂತೆ ಕಟಕಟ ಅನ್ನುವ ಗಾಡಿ ಇನ್ನೂ ಐದು ವರ್ಷ ಓಡಬಹುದು. ಮೆಲ್ಲಗೆ, ಮಂದವಾಗಿ, ಭಾರ ಬಿದ್ದಾಗ ಮಾತ್ರ ಡಬ್ ಡಬ್ ಅನ್ನುವ ಗಾಡಿ ಮುಂದಿನ ಹತ್ತು ಕಿಲೋಮೀಟರಿನಲ್ಲೇ ಜಾಮ್ ಆಗಿ ನಿಮ್ಮನ್ನು ರಸ್ತೆಗೆ ಕೆಡವಬಹುದು.

ಮೊದಲು ಆಯಿಲ್

ಸೌಂಡ್ ಹೊಸದಾಗಿ ಶುರುವಾಗಿದೆ ಅಂದರೆ ಆಯಿಲ್ ನೋಡುವವರೆಗೂ ಗಾಡಿ ಮತ್ತೆ ಸ್ಟಾರ್ಟ್ ಮಾಡಬೇಡಿ. ಹಳೇ ಇಂಜಿನ್ ಆಯಿಲ್ ಕುಡಿಯುತ್ತದೆ. ರಿಂಗ್ ಸವೆದಿರುತ್ತದೆ, ವಾಲ್ವಿನ ಸೀಲು ಗಟ್ಟಿಯಾಗಿರುತ್ತದೆ. ಹೊಗೆ ಕಣ್ಣಿಗೆ ಕಾಣದೇ ಇದ್ದರೂ ಒಂದು ಸರ್ವೀಸಿನಿಂದ ಇನ್ನೊಂದು ಸರ್ವೀಸಿಗೆ ಅರ್ಧ ಆಯಿಲ್ ಖಾಲಿಯಾಗಿರುವುದು ನಾನೇ ನೋಡಿದ್ದೇನೆ.

ಸಮನೆಲದಲ್ಲಿ ಮೇನ್ ಸ್ಟ್ಯಾಂಡ್ ಹಾಕಿ. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ರಾತ್ರಿಯೆಲ್ಲಾ ನಿಂತ ಗಾಡಿಯಾದರೆ ಹಾಗೇ ನೋಡಿ. ಈಗ ತಾನೇ ಓಡಿಸಿ ಬಂದಿದ್ದರೆ ಆಫ್ ಮಾಡಿ ಎರಡು ಮೂರು ನಿಮಿಷ ಬಿಡಿ, ಮೇಲಿರುವ ಆಯಿಲ್ ಇಳಿಯಲಿ. ಡಿಪ್‌ಸ್ಟಿಕ್ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ. ಸ್ಪ್ಲೆಂಡರ್‌ನಂಥ ಗಾಡಿಯಲ್ಲಿ ಅದನ್ನು ತಿರುಗಿಸಿ ಟೈಟ್ ಮಾಡಬಾರದು, ಸುಮ್ನೆ ಒಳಗಿಟ್ಟು ತೆಗೆಯಬೇಕು. ಎರಡು ಗೆರೆಗಳ ನಡುವೆ ಆಯಿಲ್ ಅಂಟಿರಬೇಕು. ತುದಿಗೂ ಅಂಟಿಲ್ಲ ಅಂದರೆ ಗಾಡಿ ಅಲ್ಲೇ ಇರಲಿ, ನೀವು ನಡೆದುಕೊಂಡು ಹೋಗಿ ಆಯಿಲ್ ತನ್ನಿ.

ಹಾಗೇ ಒಂದು ಹನಿ ಬೆರಳಿಗೆ ತಗೊಂಡು ಹೆಬ್ಬೆರಳಲ್ಲಿ ಉಜ್ಜಿ ನೋಡಿ. ಕಪ್ಪಗಿರುವುದು ದೊಡ್ಡ ವಿಷಯ ಅಲ್ಲ, ಓಡಿದ ಆಯಿಲ್ ಕಪ್ಪಾಗಿಯೇ ಇರುತ್ತದೆ. ಮರಳು ಮುಟ್ಟಿದ ಹಾಗೆ ತರಿತರಿ ಅನ್ನಿಸಿದರೆ ಅದು ವಿಷಯ. ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಬಂದು, ಲೆವೆಲ್ ಕೂಡ ಮೇಲಿನ ಗೆರೆ ದಾಟಿದ್ದರೆ, ಕಾರ್ಬ್ಯುರೇಟರ್ ಓವರ್‌ಫ್ಲೋ ಆಗಿ ಪೆಟ್ರೋಲ್ ಒಳಗೆ ಇಳಿದಿದೆ ಅಂತ ಅರ್ಥ. ಹಳೇ ಗಾಡಿಯಲ್ಲಿ ಕಾರ್ಬ್ಯುರೇಟರ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸವೆದಿರುತ್ತದೆ, ರಾತ್ರಿ ಪೆಟ್ರೋಲ್ ಕಾಕ್ ಮುಚ್ಚದೆ ಬಿಟ್ಟರೆ ಹೀಗಾಗುತ್ತದೆ. ಆಯಿಲ್ ನೀರಿನ ಹಾಗೆ ತೆಳ್ಳಗಾಗಿ ಇಂಜಿನ್ ಒಳಗಿನ ಎಲ್ಲವೂ ಸೌಂಡ್ ಮಾಡಲು ಶುರು ಮಾಡುತ್ತವೆ. ಆ ಆಯಿಲ್‌ನಲ್ಲಿ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

ಯಾವ ಆಯಿಲ್ ಹಾಕಬೇಕು ಅನ್ನುವುದಕ್ಕೆ ಗಾಡಿಯ ಜೊತೆ ಬಂದ ಪುಸ್ತಕವೇ ಕೊನೆಯ ಮಾತು. ಸ್ಪ್ಲೆಂಡರ್‌ಗೆ 10ಡಬ್ಲ್ಯೂ30, ಹಳೇ ಪಲ್ಸರ್‌ಗೆ 20ಡಬ್ಲ್ಯೂ50. ಡಬ್ಬಿಯ ಮೇಲೆ ಜಾಸೋ ಎಂಎ ಅಂತ ಬರೆದಿರಬೇಕು, ಬೈಕಿನ ಕ್ಲಚ್‌ಗೆ ಹೊಂದುವ ಆಯಿಲ್ ಅನ್ನುವ ಗುರುತು ಅದು. ಕಾರಿನ ಆಯಿಲ್ ಮಿಕ್ಕಿದೆ ಅಂತ ಹಾಕಬೇಡಿ. ಬೈಕಿನ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್‌ಗೆ ಅದು ಜಾರಬಹುದು. ಸೌಂಡ್ ಕಮ್ಮಿ ಆಗಲಿ ಅಂತ ದಪ್ಪ ಆಯಿಲ್ ಹಾಕುವವರೂ ಇದ್ದಾರೆ. ಸೌಂಡ್ ಕಮ್ಮಿ ಆಗುವುದು ನಿಜ, ಆದರೆ ಸವೆತ ಕಮ್ಮಿ ಆಗುವುದಿಲ್ಲ, ನಮಗೆ ಕೇಳಿಸುವುದು ಮಾತ್ರ ನಿಲ್ಲುತ್ತದೆ. ಮಾರುವ ಮುಂಚೆ ಹೀಗೆ ಮಾಡುವವರು ಬಹಳ ಜನ. ಹಳೇ ಗಾಡಿ ಕೊಳ್ಳುವಾಗ ಇದು ನೆನಪಿರಲಿ.

ಇನ್ನೊಂದು, ಯಾರೂ ಹೇಳದ ಜಾಗ. ಹಳೇ ಸ್ಪ್ಲೆಂಡರ್‌ನಲ್ಲಿ ಕಾರಿನ ಹಾಗೆ ಬಿಚ್ಚಿ ಬಿಸಾಡುವ ಪೇಪರ್ ಫಿಲ್ಟರ್ ಇಲ್ಲ. ಒಂದು ಜಾಲರಿ ಇದೆ, ಜೊತೆಗೆ ಇಂಜಿನ್ ತಿರುಗುವಾಗ ತಾನೂ ಗಿರ್ರನೆ ತಿರುಗಿ ಕೊಳೆಯನ್ನು ತನ್ನ ಗೋಡೆಗೆ ಅಂಟಿಸಿಕೊಳ್ಳುವ ಒಂದು ಬಟ್ಟಲು ಇದೆ. ಬಲಗಡೆಯ ಕ್ಲಚ್ ಕವರ್ ಬಿಚ್ಚಿದರೆ ಮಾತ್ರ ಇವು ಸಿಗುತ್ತವೆ. ಹಾಗಾಗಿ ಆಯಿಲ್ ಚೇಂಜ್ ಮಾಡುವಾಗ ಯಾರೂ ಮುಟ್ಟುವುದಿಲ್ಲ. ನಮ್ಮ ಗಾಡಿಯದನ್ನು ಬಿಚ್ಚಿದಾಗ ಬಟ್ಟಲಿನ ಒಳಗೆ ಬೆರಳ ದಪ್ಪ ಕರೀ ಕೆಸರು ಕೂತಿತ್ತು, ಬೆಲ್ಲದ ಪಾಕ ತಣಿದ ಹಾಗೆ. ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದ. ಜಾಲರಿ ಕಟ್ಟಿದರೆ ಇಂಜಿನ್ನಿನ ಮೇಲ್ಭಾಗದ ಹೆಡ್‌ಗೆ ಆಯಿಲ್ ಸರಿಯಾಗಿ ಹೋಗುವುದಿಲ್ಲ, ಅಲ್ಲಿ ವಾಲ್ವುಗಳನ್ನು ಆಡಿಸುವ ಕ್ಯಾಮ್ ಒಣಗಿ ತಿರುಗುತ್ತದೆ, ಸೌಂಡ್ ಅಲ್ಲಿಂದ ಶುರು. 60-70 ಸಾವಿರ ಓಡಿದ ಗಾಡಿಗೆ ಒಂದು ಸಲವೂ ಇದನ್ನು ಮಾಡಿಸಿಲ್ಲ ಅಂದರೆ ಇಂಜಿನ್ ಇಳಿಸುವ ಮಾತಿಗೆ ಮುಂಚೆ ಇದನ್ನು ಮಾಡಿಸಿ.

ಸೌಂಡ್ ನಿಜವಾಗಿ ಇಂಜಿನ್ನಿನದೇನಾ?

ನೂರಕ್ಕೆ ಎಷ್ಟು ಅಂತ ನಾನು ಲೆಕ್ಕ ಕೊಡುವುದಿಲ್ಲ, ಆದರೆ "ಇಂಜಿನ್ ಸೌಂಡ್" ಅಂತ ಬರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ಇಂಜಿನ್ ಒಳಗೆ ಏನೂ ಆಗಿರುವುದಿಲ್ಲ. ಸೈಲೆನ್ಸರಿನ ಬೋಲ್ಟ್, ಸೈಲೆನ್ಸರ್ ಮೇಲಿನ ತಗಡು, ಲೆಗ್ ಗಾರ್ಡ್, ಚೈನ್ ಕವರ್, ಹಾರ್ನ್ ಕೂರಿಸಿದ ಪಟ್ಟಿ, ಇಂಜಿನ್ ಮೌಂಟಿಂಗ್ ಬೋಲ್ಟ್. ಗಾಡಿಯನ್ನು ಮೇನ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಯಾರಾದರೂ ಮೆಲ್ಲಗೆ ಆಕ್ಸಿಲರೇಟರ್ ಕೊಡಲಿ, ನೀವು ಒಂದು ಕಟ್ಟಿಗೆ ತುಂಡಿನಿಂದ ಒಂದೊಂದನ್ನೇ ಒತ್ತಿ ಹಿಡಿಯಿರಿ. ಒತ್ತಿದಾಗ ಸೌಂಡ್ ನಿಂತರೆ ಅಲ್ಲೇ ಸ್ಪ್ಯಾನರ್ ಹಾಕಿ. ಸೈಲೆನ್ಸರಿಗೆ ಕೈ ತಾಗಿಸಬೇಡಿ, ತಿರುಗುವ ಚಕ್ರದ ಹತ್ತಿರ ಲುಂಗಿ, ದುಪ್ಪಟ್ಟಾ, ಉದ್ದ ತೋಳು ಬೇಡ.

ಸೈಲೆನ್ಸರ್ ಬೆಂಡ್ ಪೈಪು ಇಂಜಿನ್ನಿಗೆ ಸೇರುವ ಕಡೆ ಒಂದು ಗ್ಯಾಸ್ಕೆಟ್ ಇರುತ್ತದೆ. ಅದು ಹೋದರೆ ಟಪ್ ಟಪ್ ಅಂತ ಥೇಟ್ ಟ್ಯಾಪೆಟ್ (ಹೆಡ್ಡಿನಲ್ಲಿ ವಾಲ್ವನ್ನು ಒತ್ತುವ ಭಾಗ) ಸೌಂಡಿನ ಹಾಗೇ ಕೇಳುತ್ತದೆ. ಅಲ್ಲಿ ಕಪ್ಪು ಮಸಿ ಹಿಡಿದಿದ್ದರೆ ಅದೇ ಕಾರಣ.

ಓಡುವಾಗ ಮಾತ್ರ ಬರುವ ಸೌಂಡ್ ಆದರೆ, ವಾಹನ ಇಲ್ಲದ ಸಮ ರಸ್ತೆಯಲ್ಲಿ 30ರ ವೇಗದಲ್ಲಿ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಡಿ. ಇಂಜಿನ್ ಐಡಲ್‌ಗೆ ಇಳಿಯುತ್ತದೆ, ಗಾಡಿ ಮುಂದೆ ಹೋಗುತ್ತಿರುತ್ತದೆ. ಸೌಂಡ್ ಚಕ್ರದ ಜೊತೆಗೇ ಮುಂದುವರಿದರೆ ಅದು ಚೈನ್, ಸ್ಪ್ರಾಕೆಟ್, ಚಕ್ರದ ಬೇರಿಂಗ್ ಅಥವಾ ಬ್ರೇಕ್. ಇಂಜಿನ್ ಇಳಿದ ಹಾಗೇ ಸೌಂಡೂ ಇಳಿದರೆ ಇಂಜಿನ್ ಕಡೆ ನೋಡಿ. ಈ ಪರೀಕ್ಷೆಯನ್ನು ಘಾಟಿಯಲ್ಲಿ ಮಾಡಬೇಡಿ, ಇಂಜಿನ್ ಆಫ್ ಮಾಡಿಯಂತೂ ಬೇಡವೇ ಬೇಡ.

ಯಾವಾಗ ಬರುತ್ತದೆ ಅನ್ನುವುದೇ ಉತ್ತರ

ಬೆಳಿಗ್ಗೆ ತಣ್ಣಗಿರುವಾಗ ಕಟಕಟ ಇದ್ದು, ಐದು ಹತ್ತು ನಿಮಿಷ ಓಡಿಸಿ ಬಿಸಿಯಾದ ಮೇಲೆ ಕಮ್ಮಿಯಾಗುತ್ತದಾ? ಹಾಗಾದರೆ ಹೆಚ್ಚಿನ ಪಾಲು ಪಿಸ್ಟನ್ನು ಬೋರಿನಲ್ಲಿ, ಅಂದರೆ ತಾನು ಮೇಲೆ ಕೆಳಗೆ ಓಡುವ ಕೊಳವೆಯಲ್ಲಿ, ಸ್ವಲ್ಪ ಸಡಿಲವಾಗಿದೆ. ತಣ್ಣಗಿರುವಾಗ ಪಿಸ್ಟನ್ ಅತ್ತಿತ್ತ ಬಡಿಯುತ್ತದೆ, ಬಿಸಿಯಾಗಿ ಹಿಗ್ಗಿದ ಮೇಲೆ ಸರಿಯಾಗಿ ಕೂರುತ್ತದೆ. ಆಯಿಲ್ ಜಾಸ್ತಿ ಕುಡಿಯುತ್ತಿಲ್ಲ, ಹೊಗೆ ಇಲ್ಲ ಅಂದರೆ ಓಡಿಸಿ. ಸ್ಟಾರ್ಟ್ ಮಾಡಿದ ತಕ್ಷಣ ರೇಸ್ ಮಾಡಬೇಡಿ, ಮೊದಲ ಎರಡು ಕಿಲೋಮೀಟರ್ ನಿಧಾನ ಹೋಗಿ. ಹೀಗೇ ವರ್ಷಗಟ್ಟಲೆ ಓಡಿದ ಗಾಡಿಗಳಿವೆ.

ನ್ಯೂಟ್ರಲ್‌ನಲ್ಲಿ ನಿಂತಾಗ ಗರಗರ ಅಂದು, ಕ್ಲಚ್ ಹಿಡಿದ ಕೂಡಲೇ ಬದಲಾದರೆ ಅಥವಾ ನಿಂತರೆ, ಕ್ಲಚ್ ಕಡೆಯ ಅಥವಾ ಗೇರ್‌ಬಾಕ್ಸ್ ಬೇರಿಂಗಿನ ಸವೆತ. ಇವತ್ತೇ ನಿಲ್ಲಿಸಬೇಕಾದ ಸೌಂಡ್ ಅಲ್ಲ, ಆದರೆ ಗೇರ್ ಜಾರುತ್ತಿದ್ದರೆ, ತಾನಾಗಿ ನ್ಯೂಟ್ರಲ್‌ಗೆ ಬೀಳುತ್ತಿದ್ದರೆ ಮುಂದೂಡಬೇಡಿ.

ಹೆಡ್ಡಿನ ಮೇಲಿನಿಂದ ಹೊಲಿಗೆ ಮಿಷನ್ನಿನ ಹಾಗೆ ಟಿಕ್ ಟಿಕ್ ಅಂತ ಸಣ್ಣಗೆ, ಒಂದೇ ಸಮ ಬರುವುದು ಟ್ಯಾಪೆಟ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ಎಲ್ಲರೂ ಉಲ್ಟಾ ತಿಳಿದಿದ್ದಾರೆ. ಟ್ಯಾಪೆಟ್ ಮತ್ತು ವಾಲ್ವಿನ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು, ಆ ಸಂದಿನಿಂದಲೇ ಆ ಟಿಕ್ ಟಿಕ್. ಸಂದು ಜಾಸ್ತಿಯಾದರೆ ಸೌಂಡ್ ಜಾಸ್ತಿ, ಪಿಕಪ್ ಸ್ವಲ್ಪ ಕಮ್ಮಿ, ಅಷ್ಟೇ. ಆದರೆ ಸೌಂಡೇ ಇರಬಾರದು ಅಂತ ಹಠ ಹಿಡಿದು ಟೈಟ್ ಮಾಡಿಸಿದರೆ, ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಸಂದಿಯಿಂದ ಬೆಂಕಿ ನುಗ್ಗಿ ವಾಲ್ವಿನ ಅಂಚು ಸುಟ್ಟು ಹೋಗುತ್ತದೆ. ಟಿಕ್ ಟಿಕ್ ಅನ್ನುತ್ತಿದ್ದ ಗಾಡಿ ಸರ್ವೀಸ್ ಆದ ಮೇಲೆ ರೇಷ್ಮೆಯ ಹಾಗೆ ಆಗಿದೆ, ಆದರೆ ಬಿಸಿಯಾದ ಮೇಲೆ ಐಡಲ್ ನಿಲ್ಲುತ್ತಿಲ್ಲ, ಕಿಕ್ಕರ್ ಹಗುರ ಆಗಿದೆ ಅಂದರೆ ಇದೇ ಆಗಿರುತ್ತದೆ. ಟ್ಯಾಪೆಟ್ ಮಾಡಿಸುವುದಾದರೆ ಇಂಜಿನ್ ಪೂರ್ತಿ ತಣ್ಣಗಿರಬೇಕು, ಸಂದು ಅಳೆಯುವ ತೆಳು ತಗಡಿನ ಫೀಲರ್ ಗೇಜ್ ಹಾಕಿಯೇ ನೋಡಬೇಕು. ಬೆಳಿಗ್ಗೆ ಗಾಡಿ ಓಡಿಸಿಕೊಂಡು ಹೋಗಿ ಬಿಸಿ ಇಂಜಿನ್ನಿಗೇ ಕೈ ಅಂದಾಜಿನಲ್ಲಿ ಟ್ಯಾಪೆಟ್ ಮಾಡಿಸಿದರೆ ಅದು ಲೆಕ್ಕಕ್ಕಿಲ್ಲ. ಹಿಂದಿನ ಸಂಜೆಯೇ ಬಿಟ್ಟು ಬನ್ನಿ.

ಟೈಮಿಂಗ್ ಚೈನ್ ಸೌಂಡ್ ಬೇರೆ. ಸ್ಪ್ಲೆಂಡರ್‌ನಲ್ಲಿ ಅದು ಕೂತವರ ಎಡಗಡೆ ಬರುತ್ತದೆ. ಸರಪಳಿಯನ್ನು ತಗಡಿನ ಡಬ್ಬಿಯಲ್ಲಿ ಅಲ್ಲಾಡಿಸಿದ ಹಾಗೆ ಜರ ಜರ ಅನ್ನುತ್ತದೆ, ಅದರಲ್ಲೂ ಆಕ್ಸಿಲರೇಟರ್ ಕೊಟ್ಟು ಬಿಟ್ಟಾಗ ಚೆನ್ನಾಗಿ ಕೇಳುತ್ತದೆ. ಒಳಗೆ ಚೈನನ್ನು ಬಿಗಿಯಾಗಿ ಹಿಡಿಯುವ ರಬ್ಬರ್ ರೋಲರ್ ಸವೆಯುತ್ತದೆ, ಚೈನೂ ಉದ್ದವಾಗುತ್ತದೆ. ನಮ್ಮದರಲ್ಲಿ ತೆಗೆದ ರೋಲರ್ ಒಂದು ಕಡೆ ಕಚ್ಚಿ ತಿಂದ ಸೀಬೆಹಣ್ಣಿನ ಹಾಗಿತ್ತು. ಇದನ್ನು ಗ್ಯಾರೇಜಿನವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಬಹುದು, ಆದರೆ ತಿಂಗಳುಗಟ್ಟಲೆ ತಳ್ಳಬಾರದು. ಸಡಿಲ ಜಾಸ್ತಿಯಾಗಿ ಚೈನ್ ಒಂದೆರಡು ಹಲ್ಲು ಹಾರಿದರೆ ಟೈಮಿಂಗ್ ತಪ್ಪುತ್ತದೆ, ವಾಲ್ವ್ ಪಿಸ್ಟನ್ನಿಗೆ ಬಡಿಯುವ ಅಪಾಯವೂ ಇದೆ. ಚೈನ್ ಒಂದನ್ನೇ ಬದಲಾಯಿಸಬೇಡಿ, ರೋಲರ್, ಸ್ಪ್ರಾಕೆಟ್ ಸೇರಿಸಿ ಕಿಟ್ ಹಾಕಿಸಿ.

ಏರಿನಲ್ಲಿ, ಹಿಂದೆ ಒಬ್ಬರು ಕೂತಾಗ, ಟಾಪ್ ಗೇರಿನಲ್ಲೇ ಎಳೆಸಿದಾಗ ಗಾಜಿನ ಗೋಲಿ ಉರುಳಿದ ಹಾಗೆ ಕಿಣಿಕಿಣಿ ಅನ್ನುತ್ತದಾ? ಗೇರ್ ಇಳಿಸಿ. ನಿಂತರೆ ಅದು ಪೆಟ್ರೋಲ್ ಸರಿಯಾದ ಹೊತ್ತಿಗೆ ಉರಿಯುತ್ತಿಲ್ಲ ಅನ್ನುವ ಸೌಂಡ್. ಪಿಸ್ಟನ್ ಮೇಲೆ ಕಾರ್ಬನ್ ಕೂತಿರುವುದು, ಇಂಜಿನ್ ಜಾಸ್ತಿ ಬಿಸಿ ಆಗುವುದು, ಕಾರ್ಬ್ಯುರೇಟರ್ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೆಯುವುದು, ಇವೆಲ್ಲಾ ಕಾರಣ. ಓಡಿಸಬಹುದು, ಆದರೆ ಇಂಜಿನ್ನಿಗೆ ಒದ್ದಾಟ ಕೊಟ್ಟು ಓಡಿಸಬೇಡಿ.

ಇನ್ನು ನಿಲ್ಲಿಸಲೇಬೇಕಾದ ಸೌಂಡ್. ಇಂಜಿನ್ನಿನ ಕೆಳಗಿನಿಂದ, ಹೊಟ್ಟೆಯ ಒಳಗಿನಿಂದ ಬಂದ ಹಾಗೆ, ಮಂದವಾಗಿ ಡಬ್ ಡಬ್ ಅಥವಾ ಟಕ್ ಟಕ್. ಬಿಸಿಯಾದಂತೆ ಜಾಸ್ತಿ ಆಗುತ್ತದೆ, ಕಮ್ಮಿ ಆಗುವುದಿಲ್ಲ. ಭಾರ ಎಳೆಯುವಾಗ ಜಾಸ್ತಿ. ಕಾಲಿಡುವ ಪೆಗ್ಗಿನಲ್ಲಿ ಪಾದಕ್ಕೆ ತಟ್ಟುವುದೂ ಗೊತ್ತಾಗುತ್ತದೆ. ಇದು ಕನೆಕ್ಟಿಂಗ್ ರಾಡಿನ ಬೇರಿಂಗ್, ಕ್ರ್ಯಾಂಕ್ ಕೆಲಸ. ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ತಿರುಗುವ ಓಟ ಮಾಡುವುದು ಕ್ರ್ಯಾಂಕ್, ಅವೆರಡನ್ನೂ ಸೇರಿಸುವುದು ಈ ರಾಡು. ಇಲ್ಲಿ "ನಿಧಾನ ಹೋಗ್ತೀನಿ" ಅನ್ನುವ ಲೆಕ್ಕ ನಡೆಯುವುದಿಲ್ಲ. ಒಳಗೆ ಸಡಿಲವಾದ ರಾಡು ನಿಮಿಷಕ್ಕೆ ಸಾವಿರಾರು ಸಲ ಬಡಿಯುತ್ತಿರುತ್ತದೆ. ಯಾವ ಕ್ಷಣ ಹಿಡಿದುಕೊಳ್ಳುತ್ತದೋ ಹೇಳಲಾಗದು, ಹಿಡಿದುಕೊಂಡರೆ ಹಿಂದಿನ ಚಕ್ರ ತಿರುಗುವುದು ನಿಲ್ಲುತ್ತದೆ.

ನನ್ನ ಗೆಳೆಯನೊಬ್ಬ ಶಿರಾಡಿ ಘಾಟಿಯಲ್ಲಿ ಹೀಗೇ ಬಿದ್ದ. ಸಕಲೇಶಪುರ ದಾಟುವಾಗಲೇ ಟಕ್ ಟಕ್ ಕೇಳುತ್ತಿತ್ತಂತೆ, ಇಳಿಜಾರು ತಾನೇ, ಗುಂಡ್ಯದವರೆಗೆ ಹೋಗಿಬಿಡೋಣ ಅಂದುಕೊಂಡ. ಒಂದು ತಿರುವಿನಲ್ಲಿ ಚಕ್ರ ಲಾಕ್ ಆಗಿ ಗಾಡಿ ಅಡ್ಡ ಹೋಯಿತು. ಹಿಂದೆ ಲಾರಿ ಇರಲಿಲ್ಲ, ಕಾಲರ್ ಬೋನ್ ಮುರಿದದ್ದರಲ್ಲಿ ಮುಗಿಯಿತು. ಆ ದಿನ ಅವನ ಹೆಂಡತಿ ಹಿಂದೆ ಕೂತಿರಲಿಲ್ಲ ಅನ್ನುವುದನ್ನು ಅವನು ಇವತ್ತಿಗೂ ಹೇಳುತ್ತಾನೆ.

ಓಡುತ್ತಿರುವಾಗಲೇ ಇಂಜಿನ್ ಹಿಡಿದ ಹಾಗೆ ಅನ್ನಿಸಿದರೆ ಆ ಕ್ಷಣಕ್ಕೆ ಕ್ಲಚ್ ಹಿಡಿಯಿರಿ, ಬೇರೇನೂ ಯೋಚನೆ ಬೇಡ. ಕ್ಲಚ್ ಹಿಡಿದರೆ ಚಕ್ರ ಬಿಡುಗಡೆ ಆಗುತ್ತದೆ, ಆಮೇಲೆ ಗಾಡಿ ಪಕ್ಕಕ್ಕೆ ತನ್ನಿ. ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗಬಹುದು. ಆದರೂ ಓಡಿಸಬೇಡಿ. ಗೂಡ್ಸ್ ಆಟೋ ಕರೆಸಿ ಹಾಕಿಸಿಕೊಂಡು ಬನ್ನಿ, ಆ ಬಾಡಿಗೆ ದೊಡ್ಡದಲ್ಲ.

ಕಿವಿಗೆ ಸ್ಕ್ರೂಡ್ರೈವರ್

ಜಾಗ ಹುಡುಕುವುದಕ್ಕೆ ಹಳೇ ಮೆಕ್ಯಾನಿಕ್‌ಗಳ ಉಪಾಯ ಇವತ್ತಿಗೂ ಸೈ. ಒಂದು ಉದ್ದ ಸ್ಕ್ರೂಡ್ರೈವರ್ ತಗೊಂಡು ತುದಿಯನ್ನು ಇಂಜಿನ್ನಿನ ಬೋಲ್ಟಿನ ತಲೆಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಹಿಡಿಯಿರಿ. ಕಿವಿಯ ತೂತಿನೊಳಗೆ ಬೇಡ. ಐಡಲ್‌ನಲ್ಲಿ ಮೊದಲು ಹೆಡ್, ಆಮೇಲೆ ಬೋರ್, ಆಮೇಲೆ ಎಡ ಕವರ್, ಬಲ ಕವರ್, ಕೆಳಗಿನ ಕೇಸ್. ಮೊದಲ ಸಲ ಎಲ್ಲಾ ಕಡೆಯೂ ಗದ್ದಲವೇ ಕೇಳುತ್ತದೆ, ಎರಡು ಸುತ್ತು ಆದ ಮೇಲೆ ಎಲ್ಲಿ ಹತ್ತಿರ, ಎಲ್ಲಿ ದೂರ ಅನ್ನುವುದು ಗೊತ್ತಾಗತೊಡಗುತ್ತದೆ. ಅದೇ ಮಾಡೆಲ್ಲಿನ ಚೆನ್ನಾಗಿರುವ ಗಾಡಿಯೊಂದು ಸಿಕ್ಕರೆ ಅದಕ್ಕೂ ಇಟ್ಟು ಕೇಳಿ, ಆಗ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ, ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ, ಅದೇ ಜಾಗದಲ್ಲಿ, ಅಷ್ಟೇ ದೂರದಿಂದ ಮೊಬೈಲ್‌ನಲ್ಲಿ ಒಂದು ನಿಮಿಷ ಸೌಂಡ್ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ದಿನಾ ಕೇಳುವ ಸೌಂಡಿಗೆ ನಮ್ಮ ಕಿವಿ ಒಗ್ಗಿಹೋಗುತ್ತದೆ. ಎರಡು ತಿಂಗಳ ಹಿಂದಿನದನ್ನೂ ಇವತ್ತಿನದನ್ನೂ ಒಂದರ ಹಿಂದೆ ಒಂದು ಕೇಳಿದರೆ, ಬೆಳೆಯುತ್ತಿದೆಯಾ ಹಾಗೇ ಇದೆಯಾ ಅನ್ನುವುದು ಸ್ಪಷ್ಟ. ಎರಡು ವರ್ಷದಿಂದ ಹಾಗೇ ಇರುವ ಸೌಂಡಿಗೆ ಭಯ ಬೇಡ. ಎರಡು ವಾರದಲ್ಲಿ ಬೆಳೆದದ್ದಕ್ಕೆ ಬೇಕು.

ಆಯಿಲ್ ಚೇಂಜ್ ಮಾಡಿಸುವಾಗ ನೀವೇ ಪಕ್ಕದಲ್ಲಿ ನಿಂತು, ಹಳೇ ಆಯಿಲನ್ನು ಬಿಳೀ ಪ್ಲಾಸ್ಟಿಕ್ ಡಬ್ಬಿಗೆ ಇಳಿಸಿಕೊಳ್ಳಿ, ಬಿಸಿಲಿಗೆ ಹಿಡಿದು ನೋಡಿ. ಬಣ್ಣ ಹಚ್ಚಿದ ಹಾಗೆ ನವಿರಾದ ಬೆಳ್ಳಿ ಮಿನುಗು ಇದ್ದರೆ ಸವೆತ ನಡೆಯುತ್ತಿದೆ, ಕಣ್ಣಿಡಿ. ಕೈಗೆ ಸಿಗುವ ಚೂರುಗಳು ಇದ್ದರೆ ಗಾಡಿ ಅಲ್ಲೇ ನಿಲ್ಲಲಿ. ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಉಕ್ಕು, ಅಂದರೆ ಬೇರಿಂಗ್, ಗೇರ್, ಚೈನ್ ಕಡೆಯದು. ಅಂಟದ ಬಿಳೀ ಚೂರು ಅಲ್ಯೂಮಿನಿಯಂ, ಪಿಸ್ಟನ್ ಅಥವಾ ಕೇಸಿನದು.

ಗಾಡಿ ಯಾವುದು ಅನ್ನುವುದೂ ಮುಖ್ಯ

ಇದುವರೆಗೆ ಹೇಳಿದ್ದು ಸ್ಪ್ಲೆಂಡರ್ ತರಹದ ನಾಲ್ಕು ಸ್ಟ್ರೋಕ್ ಗಾಡಿಗೆ. ನಿಮ್ಮ ಮನೆಯಲ್ಲಿ ಮೈಸೂರಿನ ಐಡಿಯಲ್ ಜಾವಾದ ಯೆಜ್ಡಿ ಇದ್ದರೆ, ಅಥವಾ ಯಮಹಾ ಆರ್‌ಎಕ್ಸ್ 100 ಇದ್ದರೆ ಲೆಕ್ಕ ಬೇರೆ. ಎರಡೂ 1996ರಲ್ಲಿ ತಯಾರಿ ನಿಂತ ಗಾಡಿಗಳು, ಎರಡೂ ಟೂ ಸ್ಟ್ರೋಕ್. ಅವುಗಳಲ್ಲಿ ಟ್ಯಾಪೆಟ್ಟೂ ಇಲ್ಲ, ಟೈಮಿಂಗ್ ಚೈನೂ ಇಲ್ಲ. ಹಾಗಾಗಿ ಒಳಗಿನಿಂದ ಟಕ್ ಟಕ್ ಬಂದರೆ "ಟ್ಯಾಪೆಟ್ ಇರಬಹುದು ಬಿಡು" ಅಂತ ಸಮಾಧಾನ ಮಾಡಿಕೊಳ್ಳಲು ಜಾಗವೇ ಇಲ್ಲ. ಪಿಸ್ಟನ್ನು, ಅದರ ಪಿನ್ನಿನ ಬೇರಿಂಗ್, ಇಲ್ಲವೇ ಕ್ರ್ಯಾಂಕ್. ಬೇಗ ತೋರಿಸಿ. ಆಯಿಲ್ ಪೆಟ್ರೋಲಿನ ಜೊತೆಯಲ್ಲೇ ಹೋಗಬೇಕು, ಆರ್‌ಎಕ್ಸ್‌ನಲ್ಲಿ ಆಯಿಲ್ ಪಂಪ್ ಕೆಲಸ ಮಾಡುತ್ತಿದೆಯಾ ಅಂತಲೂ ನೋಡಿಸಿ.

ಹಳೇ ಕಾಸ್ಟ್ ಐರನ್ ಬುಲೆಟ್ ಇದಕ್ಕೆ ಪೂರ್ತಿ ಉಲ್ಟಾ. ಕೆಳಗಿನಿಂದ ಉದ್ದ ಕಡ್ಡಿಗಳು ವಾಲ್ವುಗಳನ್ನು ಆಡಿಸುವ ಪುಶ್‌ರಾಡ್ ಇಂಜಿನ್, ಹುಟ್ಟಿನಿಂದಲೇ ಸದ್ದು ಮಾಡುವ ಗಾಡಿ. ಬಲಗಡೆಯ ಸಣ್ಣ ಮುಚ್ಚಳ ತೆಗೆದು, ತಣ್ಣಗಿರುವಾಗ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗುತ್ತದಾ, ಮೇಲೆ ಕೆಳಗೆ ಆಡದೆ ಇದೆಯಾ ಅಂತ ನೋಡುವುದು ಅದರ ಪದ್ಧತಿ. ಅದಕ್ಕೆ ಬುಲೆಟ್ ಗೊತ್ತಿರುವ ಮೇಸ್ತ್ರಿಯೇ ಬೇಕು.

ಗ್ಯಾರೇಜಿನಲ್ಲಿ ಹೇಗೆ ಮಾತಾಡಬೇಕು

"ಸೌಂಡ್ ಬರ್ತಿದೆ, ನೋಡಿ" ಅಂತ ಬಿಟ್ಟು ಬರಬೇಡಿ. "ಬೆಳಿಗ್ಗೆ ಇರಲ್ಲ ಅಣ್ಣ, ಹತ್ತು ಕಿಲೋಮೀಟರ್ ಓಡಿದ್ಮೇಲೆ ಶುರುವಾಗುತ್ತೆ, ಥರ್ಡ್ ಗೇರಲ್ಲಿ ಎಳೆಸಿದ್ರೆ ಜಾಸ್ತಿ, ಕ್ಲಚ್ ಹಿಡಿದ್ರೂ ನಿಲ್ಲಲ್ಲ" ಅಂತ ಹೇಳಿ. ಹೀಗೆ ಹೇಳಿದರೆ ಒಳ್ಳೇ ಮೆಕ್ಯಾನಿಕ್ ಕಿವಿ ನೆಟ್ಟಗೆ ಮಾಡುತ್ತಾನೆ, ಸುಮ್ನೆ ದುಡ್ಡು ಬಿಚ್ಚಿಸುವವನು ಹುಷಾರಾಗುತ್ತಾನೆ.

ಕೆಲಸ ಚಿಕ್ಕದರಿಂದ ದೊಡ್ಡದಕ್ಕೆ ಹೋಗಬೇಕು. ಆಯಿಲ್ ಮತ್ತು ಜಾಲರಿ, ಆಮೇಲೆ ಟ್ಯಾಪೆಟ್, ಆಮೇಲೆ ಟೈಮಿಂಗ್ ಚೈನ್, ಆಮೇಲೆ ಹೆಡ್ ಬಿಚ್ಚುವುದು. ಕೆಳಗಿನ ಡಬ್ ಡಬ್ ಇದ್ದರೆ ಮಾತ್ರ ನೇರ ಕ್ರ್ಯಾಂಕ್. ಬಿಚ್ಚಿದ ಹಳೇ ಪಾರ್ಟ್ ನನಗೆ ಬೇಕು ಅಂತ ಮೊದಲೇ ಹೇಳಿ. ಬೋರ್ ಮಾಡಿಸಬೇಕು, ಅಂದರೆ ಸವೆದ ಕೊಳವೆಯನ್ನು ಕೊರೆದು ದೊಡ್ಡ ಪಿಸ್ಟನ್ ಹಾಕಬೇಕು ಅಂತ ಹೇಳಿದರೆ, ಲೇತ್‌ನಲ್ಲಿ ಅಳತೆ ತೆಗೆದ ಮೇಲೆ ಎಷ್ಟು ಸೈಜು ಅಂತ ಕೇಳಿ. ಪಿಸ್ಟನ್ನುಗಳು 0.25 ಮಿಲಿಮೀಟರ್ ಹೆಜ್ಜೆಯಲ್ಲಿ ದೊಡ್ಡದಾಗುತ್ತಾ ಹೋಗುತ್ತವೆ, ಹಿಂದೆ ಎಷ್ಟು ಸಲ ಬೋರ್ ಆಗಿದೆ ಅನ್ನುವುದರ ಮೇಲೆ ಇನ್ನು ಎಷ್ಟು ಉಳಿದಿದೆ ಅಂತ ತಿಳಿಯುತ್ತದೆ. ಕೊನೆಯ ಸೈಜಿಗೆ ಬಂದಿದ್ದರೆ ಹೊಸ ಬೋರ್ ಕಿಟ್ಟೇ ಹಾಕಬೇಕು.

ಉಳಿಸಿಕೊಳ್ಳಬೇಕಾ, ಕೊಡಬೇಕಾ

ಇಲ್ಲಿ ಇಂಜಿನ್ ಒಂದನ್ನೇ ನೋಡಬೇಡಿ. ಆರ್‌ಸಿ ತೆಗೆದು ನೋಡಿ. 15 ವರ್ಷ ಆದ ಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ 5 ವರ್ಷಕ್ಕೆ ರಿನ್ಯೂ ಮಾಡಿಸಬೇಕು. ಬೈಕಿನ ರಿನ್ಯೂವಲ್ ಫೀಸು 2022ರ ಏಪ್ರಿಲ್‌ನಿಂದ 1000 ರೂಪಾಯಿ ಆಗಿದೆ, 20 ವರ್ಷ ದಾಟಿದ ಬೈಕಿಗೆ 2025ರಲ್ಲಿ 2000 ಮಾಡಿದ್ದಾರೆ. ಮೇಲೆ ಗ್ರೀನ್ ಟ್ಯಾಕ್ಸ್, ಇನ್ಶೂರೆನ್ಸ್, ಎಮಿಷನ್. ಇನ್ನು ಆರು ತಿಂಗಳಲ್ಲಿ ಆರ್‌ಸಿ ಮುಗಿಯುವ ಗಾಡಿಗೆ ಇವತ್ತು ಎಂಟು ಹತ್ತು ಸಾವಿರ ಹಾಕುವ ಮುಂಚೆ ಇದನ್ನೆಲ್ಲಾ ಒಂದು ಚೀಟಿಯಲ್ಲಿ ಬರೆದು ಕೂಡಿ.

ಸ್ಪ್ಲೆಂಡರ್ ಆದರೆ ನಾನು ಉಳಿಸಿಕೊಳ್ಳಿ ಅನ್ನುವ ಪಕ್ಷ. ಅದರ ಸಾಮಾನು ಹೋಬಳಿ ಮಟ್ಟದ ಅಂಗಡಿಯಲ್ಲೂ ಸಿಗುತ್ತದೆ, ಕೆಲಸ ಗೊತ್ತಿರುವವರು ಎಲ್ಲಾ ಕಡೆ ಇದ್ದಾರೆ, ಪೂರ್ತಿ ಇಂಜಿನ್ ಕೆಲಸ ಮಾಡಿಸಿದರೂ ಹೊಸ ಗಾಡಿಯ ಸಾಲದ ಕೆಲವೇ ಕಂತಿನಷ್ಟು. ಆದರೆ ಚಾಸಿಸ್ ತುಕ್ಕು ಹಿಡಿದಿದೆ, ಮುಂದಿನ ಫೋರ್ಕ್ ಸೋರುತ್ತಿದೆ, ಸ್ವಿಂಗ್ ಆರ್ಮ್ ಬುಷ್ ಹೋಗಿ ಹಿಂದಿನ ಚಕ್ರ ಆಡುತ್ತಿದೆ, ಜೊತೆಗೆ ಕ್ರ್ಯಾಂಕೂ ಹೋಗಿದೆ ಅಂದರೆ ಕೊಟ್ಟುಬಿಡಿ. ದಿನಾ 40 ಕಿಲೋಮೀಟರ್ ಹೈವೇಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರಂತೂ ಹಳೇ ಡ್ರಮ್ ಬ್ರೇಕಿನ ಗಾಡಿಯ ಮೇಲೆ ದುಡ್ಡು ಸುರಿಯುವ ಬದಲು ಹೊಸದನ್ನು ಯೋಚಿಸುವುದು ಒಳ್ಳೆಯದು. 2019ರಿಂದ ಬಂದ ಸಣ್ಣ ಬೈಕುಗಳಲ್ಲಿ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ ಇದೆ, 2025ರ ಸೆಪ್ಟೆಂಬರ್‌ನಲ್ಲಿ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿಯೂ 28ರಿಂದ 18ಕ್ಕೆ ಇಳಿದಿದೆ. ಡೈರಿಗೆ ಹಾಲು ಹಾಕಲು ದಿನಾ ಮೂರು ಕಿಲೋಮೀಟರ್ ಹೋಗಿ ಬರುವ ನಮ್ಮ ಚಿಕ್ಕಪ್ಪನಂಥವರಿಗೆ ಸ್ವಲ್ಪ ಟಿಕ್ ಟಿಕ್ ಅನ್ನುವ ಹಳೇ ಗಾಡಿಯೇ ಧಾರಾಳ ಸಾಕು.

ಕೊಡುವುದೇ ಆದರೆ ಸೌಂಡ್ ಇರುವುದನ್ನು ಹೇಳಿಯೇ ಕೊಡಿ. ಕ್ರ್ಯಾಂಕ್ ಹೋದ ಗಾಡಿಗೆ ದಪ್ಪ ಆಯಿಲ್ ಹಾಕಿ ಮಾರಿದರೆ, ಮುಂದೆ ಅದರ ಮೇಲೆ ಘಾಟಿ ಇಳಿಯುವವರು ಯಾರೋ ಒಬ್ಬರು ಇರುತ್ತಾರೆ.

ಉಳಿಸಿಕೊಂಡು ಕೆಲಸ ಮಾಡಿಸಿದರೆ, ಗ್ಯಾರೇಜಿನಿಂದ ತಂದ ದಿನವೇ ದೂರದ ಊರಿಗೆ ಹೊರಡಬೇಡಿ. ಮೊದಲ ಹತ್ತು ಕಿಲೋಮೀಟರ್ ಮನೆಯ ಸುತ್ತಮುತ್ತಲೇ ಓಡಿಸಿ, ನಿಲ್ಲಿಸಿ, ಗಾಡಿಯ ಕೆಳಗೆ ಒಂದು ಹಳೇ ಪೇಪರ್ ಹಾಸಿ. ಬೆಳಿಗ್ಗೆ ಎದ್ದು ಪೇಪರಿನ ಮೇಲೆ ಹನಿ ಬಿದ್ದಿದೆಯಾ ನೋಡಿ, ಆಯಿಲ್ ಲೆವೆಲ್ ನೋಡಿ. ಬೋರ್ ಮಾಡಿಸಿದ್ದರೆ ಮೊದಲ 500 ಕಿಲೋಮೀಟರ್ 40-45ರ ಮೇಲೆ ಹೋಗಬೇಡಿ, ಹಿಂದೆ ಯಾರನ್ನೂ ಕೂರಿಸಬೇಡಿ, ಅದು ಮುಗಿದ ಕೂಡಲೇ ಆಯಿಲ್ ಒಂದು ಸಲ ಬದಲಾಯಿಸಿ. ಆ ಬೆಳಿಗ್ಗೆಯ ಮೊದಲ ಸ್ಟಾರ್ಟನ್ನೂ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ತಾರೀಕು ಹಾಕಿ ಇಟ್ಟುಕೊಳ್ಳಿ, ಇನ್ನು ಮುಂದಿನ ಸೌಂಡನ್ನೆಲ್ಲಾ ಅದರ ಪಕ್ಕದಲ್ಲಿಟ್ಟು ನೋಡಬೇಕು.